ಕಸ್ಮಿರ್‌ಬಾಬ್ ಮನೆ ಖಾಲಿ ಮಾಡಿದ್ದು

ಕಸ್ಮಿರೊ ಬಾರೆಟೊ ಆ ಮಾತನ್ನು ಆಡಬಾರದಿತ್ತು. ಆಡಿದರೂ ಹೆಂಡತಿಯ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಆಡಬಾರದಿತ್ತು. ಆದರೆ ಪಕ್ಕದ ಮನೆಯ ಮಿಂಗೆಲ್ ಗ್ರಾಸಿಯಸ್ ಮೊಮ್ಮಗಳ ನಾಮಕರಣದ ಊಟವನ್ನು ಎಲ್ಲರ ಹಾಗೆ ಮನೆಯೊಳಗೆ ಇಟ್ಟುಕೊಳ್ಳದೆ ತೋಟದಲ್ಲಿ ಇಟ್ಟುಕೊಂಡಿದ್ದ. ಬಂದವರೆಲ್ಲ ಹಂದಿಮಾಂಸದ ತಟ್ಟೆ ಹಿಡಿದುಕೊಂಡು ಗುಲಾಬಿಯನ್ನು ಹೊಗಳುವುದರಲ್ಲಿ ಮಗುವನ್ನು ಹೊಗಳುವುದನ್ನೇ ಮರೆತಿದ್ದರು. ಮಿಂಗೆಲ್ ಬಹಳ ವಿನಯದಿಂದ, ಎಂದರೆ ಕೊನೆಯ ಪಂಕ್ತಿಗೂ ಕೇಳಿಸುವ ಹಾಗೆ, ಈ ತೋಟಕ್ಕೆ ತಾನು ಸುರಿದ ದುಡ್ಡಿನಲ್ಲಿ ಒಂದು ಕಾರು ಬರುತ್ತಿತ್ತು ಎಂದು ಹೇಳುತ್ತಿದ್ದ. ಕಸ್ಮಿರೊನ ಗಂಟಲಲ್ಲಿ ಎರಡನೇ ಲೋಟ ಫೆನ್ನಿ ಆಗಷ್ಟೇ ಇಳಿದಿತ್ತು. ಫೆನ್ನಿ ಇಳಿದಂತೆ ಮಾತು ಮೇಲೇರಿತು.

"ದುಡ್ಡು ಸುರಿದು ತೋಟ ಮಾಡೋದು ಯಾರಿಗೆ ಬರೋಲ್ಲ," ಎಂದ. "ಸಂಸಾರದ ಪೆಟ್ಟಿಗೆಗೆ ಕೈ ಹಾಕದೆ ಇದಕ್ಕಿಂತ ಚೆನ್ನಾಗಿರೋದನ್ನ ನಾನು ಮಾಡಿ ತೋರಿಸ್ತೀನಿ. ಮಳೆಗಾಲ ಹಿಡಿಯೋದರೊಳಗೆ."

ಊಟಕ್ಕೆ ಬಂದವರು ಅದನ್ನು ಫೆನ್ನಿಯ ಲೆಕ್ಕಕ್ಕೆ ಬರೆದು ಮತ್ತೆ ತಟ್ಟೆಗೆ ಬಡಿಸಿಕೊಂಡರು. ಕಸ್ಮಿರೊನ ಹೆಂಡತಿ ಎಸ್ಪೆರಾನ್ಸಾ ಮಾತ್ರ ಹಾಗೆ ಬಿಡಲಿಲ್ಲ. ಇಂಥ ಒಂದು ಮಾತಿಗಾಗಿ ಅವಳು ಮದುವೆಯಾದ ದಿನದಿಂದ ಕಾದಿದ್ದಳು.

ಕಾರಣ ಇಷ್ಟೇ. ಕಸ್ಮಿರೊ ನಿವೃತ್ತನಾಗುವವರೆಗೆ ಅದಿರು ಸಾಗಿಸುವ ದೋಣಿಗಳ ಕಂಪನಿಯೊಂದರಲ್ಲಿ ಉಗ್ರಾಣಿಯಾಗಿದ್ದ. ಕಂಪನಿ ಬೇಡವೆಂದು ಬಿಸಾಡಿದ್ದನ್ನೆಲ್ಲ ಅವನು ಬೇಕೆಂದು ಮನೆಗೆ ತಂದಿದ್ದ. ಗಾಜಿಲ್ಲದ ಲಾಂದ್ರಗಳು, ಉತ್ತರವನ್ನು ಬಿಟ್ಟು ಉಳಿದೆಲ್ಲ ದಿಕ್ಕನ್ನೂ ತೋರಿಸುವ ದಿಕ್ಸೂಚಿ, ಒಬ್ಬ ಕಪ್ತಾನನ ಸ್ನಾನದ ತೊಟ್ಟಿ, ಬಟ್ಟೆ ಸತ್ತು ಎಲುಬು ಉಳಿದ ಕೊಡೆಗಳು, ಯಾವ ಬೀಗಕ್ಕೂ ಸೇರದ ಬೀಗದ ಕೈಗಳನ್ನು ತುಂಬಿದ ಬಿಸ್ಕತ್ತಿನ ಡಬ್ಬಗಳು. ಇದರ ಜೊತೆಗೆ ಅಜ್ಜನ ಕಾಲದ ಸಾಮಾನು ಬೇರೆ. ಆ ಮನೆಯ ದೊಡ್ಡ ಹಜಾರದಲ್ಲಿ ಒಂದು ಕಾಲದಲ್ಲಿ ಜೋಡಿಗಳು ಕುಣಿಯುತ್ತಿದ್ದವಂತೆ. ಈಗ ಅಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಿತ್ತು.

ಮರುದಿನ ಬೆಳಿಗ್ಗೆ ಎಸ್ಪೆರಾನ್ಸಾ ಚಹಾ ಕೊಡುವ ಮೊದಲೇ ಶರತ್ತು ಕೊಟ್ಟಳು. ಆಡಿದ ಮಾತನ್ನು ಊರು ಕೇಳಿದೆ, ಹಿಂದೆ ತೆಗೆದುಕೊಳ್ಳುವಂತಿಲ್ಲ. ಮನೆಯ ಹಳೇ ಸಾಮಾನು ಮಾರಿ ಬಂದದ್ದೆಲ್ಲ ತೋಟಕ್ಕೆ. ಮನೆಯ ಖರ್ಚಿನಲ್ಲಿ ಏನನ್ನು ಉಳಿಸುತ್ತಾನೋ ಅದೂ ತೋಟಕ್ಕೆ. ಬೇರೆ ಎಲ್ಲಿಂದಲೂ ಚಿಕ್ಕಾಸು ಇಲ್ಲ. ಗಿಡಕ್ಕೆ ಇಷ್ಟು, ಮಣ್ಣಿಗೆ ಇಷ್ಟು, ಕುಂಡಕ್ಕೆ ಇಷ್ಟು ಎಂದು ಅವಳು ಆಗಲೇ ಬೆರಳು ಮಡಚಿ ಹಂಚಿಯೂ ಬಿಟ್ಟಿದ್ದಳು.

ಉಳಿತಾಯ ಕಸ್ಮಿರೊನಿಂದಲೇ ಸುರುವಾಯಿತು. ಪತ್ರಿಕೆ ನಿಂತಿತು, ಮಿಂಗೆಲ್ ಓದಿ ಬಿಟ್ಟದ್ದನ್ನು ಮಧ್ಯಾಹ್ನ ಬೇಲಿಯ ಮೇಲಿಂದ ಇಸಿದುಕೊಂಡು ಓದತೊಡಗಿದ. ಸಂಜೆಯ ಫೆನ್ನಿ ಅರ್ಧ ಲೋಟಕ್ಕೆ ಇಳಿಯಿತು. ಮೀನಿನ ಹೆಂಗಸಿನ ಬುಟ್ಟಿಯಲ್ಲಿ ಅಂಜಲ್ ಕಂಡರೂ ಎಸ್ಪೆರಾನ್ಸಾ ಮುಖ ತಿರುಗಿಸಿ ಅಗ್ಗದ ಬೂತಾಯಿ ಕೊಂಡಳು. ಅದೂ ಚೌಕಾಸಿ ಮಾಡಿ.

ಮಡಗಾಂವಿನ ಹತ್ತಿರದ ಆ ಊರಿನಲ್ಲಿ ಯಾರ ಮನೆಯ ಮೀನು ಯಾವುದೆಂಬುದು ಗುಟ್ಟಲ್ಲ. ಬಾರೆಟೊ ಮನೆಯಲ್ಲಿ ಸತತ ಬೂತಾಯಿ ಎಂಬ ಸುದ್ದಿ ಮಧ್ಯಾಹ್ನದೊಳಗೆ ಇಗರ್ಜಿಯ ಮೆಟ್ಟಿಲು ಮುಟ್ಟಿತು. ಅಲ್ಲಿ ಒಬ್ಬಳು ಪಾಪ ಎಂದಳು. ಇನ್ನೊಬ್ಬಳು, ಪಾಪ ಸರಿ, ಆದರೆ ಪಿಂಚಣಿ ಬರುವವನಿಗೆ ಏನು ಬಂತು ಕೇಡು ಎಂದಳು. ಅನುಮಾನ ಹುಟ್ಟಿದ್ದು ಅಲ್ಲಿ.

ಇತ್ತ ಕಸ್ಮಿರೊನ ಅನುಮಾನ ಬೇರೆ ಕಡೆ ಹುಟ್ಟಿತು. ಹಜಾರದಲ್ಲಿ ಒಂದು ಕೆತ್ತನೆಯ ಕುರ್ಚಿ ಇತ್ತು. ಬೆತ್ತದ ಸೀಟು, ಬೆನ್ನಿನಲ್ಲಿ ಎರಡು ಸಿಂಹ, ಒಂದು ಕಾಲು ಗಿಡ್ಡ. ಪತ್ರಿಕೆ ಕೊಡಲು ಬಂದ ಮಿಂಗೆಲ್ ಅದರ ಮೇಲೆ ಕೈಯಾಡಿಸಿ, ಮಾರುವುದಿದ್ದರೆ ಐನೂರು ಕೊಡುತ್ತೇನೆ, ತೋಟದಲ್ಲಿ ಕೂರಲು ಆಗುತ್ತದೆ ಎಂದ. ಹೇಳಿ ಆಕಳಿಸಿದ.

ಆ ಆಕಳಿಕೆಯೇ ಕಸ್ಮಿರೊನನ್ನು ಚುಚ್ಚಿದ್ದು. ಮಿಂಗೆಲ್ ಅಂದರೆ ಸತ್ತವರ ಮನೆಗೆ ಮೇಣದಬತ್ತಿ ಒಯ್ದರೆ ಉರಿದು ಉಳಿದ ತುಂಡನ್ನು ವಾಪಸು ತರುವ ಆಸಾಮಿ. ಅಂಥವನು ತಾನಾಗಿ ಐನೂರು ಎಂದರೆ ಕುರ್ಚಿಯ ಬೆಲೆ ಐವತ್ತು ಸಾವಿರಕ್ಕೆ ಕಡಿಮೆ ಇರಲಾರದು. ಆಕಳಿಸಿದ ಅಂದರೆ ಲಕ್ಷವೂ ಇರಬಹುದು. ಕಸ್ಮಿರೊ ಕುರ್ಚಿ ಮಾರುವುದಿಲ್ಲ ಎಂದ. ಮಿಂಗೆಲ್ ಆಯಿತು ಬಿಡು ಎಂದು ಹೋದ. ಅಷ್ಟು ಸುಲಭವಾಗಿ ಬಿಟ್ಟದ್ದರಿಂದ ಕಸ್ಮಿರೊನಿಗೆ ಉಳಿದಿದ್ದ ಸಂಶಯವೂ ಹೋಯಿತು. ಅವನು ಕುರ್ಚಿಗೆ ಒಂದು ಹೊದಿಕೆ ಹೊದಿಸಿದ, ಆಮೇಲೆ ಅದು ತೆಳುವಾಯಿತು ಅನ್ನಿಸಿ ಇನ್ನೊಂದು ಹೊದಿಸಿದ.

ಅಲ್ಲಿಂದ ಮುಂದೆ ಅವನು ಊರಿನ ಒಬ್ಬನನ್ನೂ ನಂಬಲಿಲ್ಲ. ಯಾರಾದರೂ ಕಿಟಕಿಯಿಂದ ಒಳಗೆ ನೋಡಿದರೆ, ಅವರ ಕಣ್ಣು ಯಾವ ವಸ್ತುವಿನ ಮೇಲಿತ್ತು ಎಂದು ಲೆಕ್ಕ ಹಾಕಿ ಅದಕ್ಕೂ ಬೆಲೆ ಏರಿಸುತ್ತಿದ್ದ. ಸಾಮಾನನ್ನು ಊರವರಿಗೆ ಮಾರುವುದೇ ಬೇಡವೆಂದು ಮಡಗಾಂವಿನ ಗುಜರಿಯವನನ್ನು ಗೊತ್ತು ಮಾಡಿದ. ಅದೂ ಮಧ್ಯಾಹ್ನ ಊಟವಾದ ಮೇಲೆ, ಇಡೀ ಊರು ಕಿಟಕಿ ಮುಚ್ಚಿ ನಿದ್ದೆ ಹೊಡೆಯುವ ಹೊತ್ತಿಗೆ ಬರಬೇಕು, ಗಾಡಿಯ ಹಾರನ್ನು ಒತ್ತಬಾರದು, ಪ್ರತಿ ಸಾಮಾನೂ ಬಟ್ಟೆ ಹೊದ್ದೇ ಹೊರಗೆ ಬರಬೇಕು ಎಂಬ ಕರಾರಿನ ಮೇಲೆ.

ಊರು ನಿದ್ದೆ ಮಾಡುತ್ತದೆ ಎಂದು ಅವನು ನಂಬಿದ್ದೇ ತಪ್ಪು. ಮುಚ್ಚಿದ ಪ್ರತಿ ಕಿಟಕಿಯ ಸಂದಿಯಲ್ಲೂ ಒಂದೊಂದು ಕಣ್ಣಿತ್ತು. ಮೊದಲ ದಿನ ಬಿಳಿ ಹೊದಿಕೆಯಡಿ ಉದ್ದನೆಯದೊಂದು ನಾಲ್ಕು ಜನರ ಹೆಗಲ ಮೇಲೆ ಹೊರಟಾಗ ಎದುರು ಮನೆಯ ಅಪೊಲಿನಾ ಶಿಲುಬೆಯ ಗುರುತು ಮಾಡಿಕೊಂಡು ಎಸ್ಪೆರಾನ್ಸಾಳ ಆತ್ಮಕ್ಕೆ ಶಾಂತಿ ಕೋರಿದಳು. ಸಂಜೆ ಎಸ್ಪೆರಾನ್ಸಾ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದುದನ್ನು ನೋಡಿ ಅವಳಿಗೆ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಯಿತು. ಅದು ಕಪ್ತಾನನ ತೊಟ್ಟಿ ಎಂದು ಯಾರಿಗೆ ಗೊತ್ತು.

ಸಾಮಾನು ಹೋದಂತೆ ಹಜಾರ ಬೆಳೆಯಿತು. ಹುಮ್ಮಸ್ಸು ಬಂದ ಕಸ್ಮಿರೊ ಹಗ್ಗ, ಗೂಟ, ಸುಣ್ಣದ ಪುಡಿ ತೆಗೆದುಕೊಂಡು ಅಂಗಳಕ್ಕಿಳಿದ. ಹಿಂದೆ ಮುಂದೆ ಅಳೆದ. ಗೂಟ ಹೊಡೆದ. ಗೆರೆ ಎಳೆದ. ಗೆರೆಗಳ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಇಲ್ಲದ್ದನ್ನು ನೋಡುತ್ತಾ ತಲೆಯಾಡಿಸಿದ.

ಬೆಳಿಗ್ಗೆ ಸೈಕಲ್ಲಿನಲ್ಲಿ ಬ್ರೆಡ್ಡು ಮಾರುವ ಪಾವ್ಲು ಇದನ್ನು ಕಂಡ. ಪಾವ್ಲುವಿನ ಬುಟ್ಟಿಯಲ್ಲಿ ಬ್ರೆಡ್ಡು ಎಷ್ಟಿರುತ್ತಿತ್ತೋ ಬಾಯಲ್ಲಿ ಸುದ್ದಿ ಅದರ ಎರಡರಷ್ಟಿರುತ್ತಿತ್ತು. ಅವನು ಗೇಟಿನ ಹತ್ತಿರ ಬಗ್ಗಿ ಚಿಲ್ಲರೆ ಎಣಿಸುತ್ತಿದ್ದಾಗಲೇ ಕಸ್ಮಿರೊ ಜಗಲಿಯಲ್ಲಿ ನಿಂತು ಫೋನಿನಲ್ಲಿ ಹಿಂದಿ ಮಾತಾಡುತ್ತಿದ್ದ. ಹಿಂದಿ ಅವನಿಗೆ ಬಾರದು. ಬಾರದ ಭಾಷೆಯನ್ನು ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ.

"ಹಾಂ ಸಾಹೇಬರೇ, ಎಲ್ಲಾ ಹಳೇದು. ಅಜ್ಜನ ಕಾಲದ್ದು. ಬುಧವಾರ ಬನ್ನಿ, ನೋಡಿ, ರೇಟು ಆಮೇಲೆ ಮಾತಾಡೋಣ. ಊರಲ್ಲಿ ಯಾರನ್ನೂ ಕೇಳಬೇಡಿ. ಎಲ್ಲಾ ಕಳ್ಳರು."

ಆ ಕಡೆ ಇದ್ದವನು ಸಭರ್ವಾಲ್ ಎಂಬ ದಿಲ್ಲಿಯ ವ್ಯಾಪಾರಿ. ಹಳೇ ಪೀಠೋಪಕರಣ ಕೊಳ್ಳುತ್ತ ಗೋವೆಯಲ್ಲಿ ತಿರುಗುತ್ತಿದ್ದವನು. ಕುರ್ಚಿಯ ನಿಜವಾದ ಬೆಲೆ ಹೊರಗಿನವನಿಂದಲೇ ತಿಳಿಯಬೇಕೆಂದು ಕಸ್ಮಿರೊ ಅವನನ್ನು ಕರೆದಿದ್ದ. ಪಾವ್ಲುವಿಗೆ ಕುರ್ಚಿ ಗೊತ್ತಿಲ್ಲ. ದಿಲ್ಲಿ ಎಂಬುದು ಮಾತ್ರ ಹಿಂದಿಯ ವಾಸನೆಯಿಂದಲೇ ಗೊತ್ತಾಯಿತು. ಅವನು ಅವತ್ತು ಉಳಿದ ಬ್ರೆಡ್ಡನ್ನು ಮಾರುವುದು ಬಿಟ್ಟು ಸೀದಾ ಸರಪಂಚಳ ಮನೆಗೆ ಸೈಕಲ್ ಹೊಡೆದ.

ಊರಿನ ಹೊಟ್ಟೆಯಲ್ಲಿದ್ದ ಭಯ ಅದೊಂದೇ. ಪಕ್ಕದ ಊರಿನಲ್ಲಿ ಹೀಗೇ ಒಂದು ಹಳೇ ಮನೆ ಸದ್ದಿಲ್ಲದೆ ದಿಲ್ಲಿಯವರ ಪಾಲಾಗಿ, ಈಗ ಅಲ್ಲಿ ಬಿಳೀ ಬಂಗಲೆಗಳ ಸಾಲು, ಕಾವಲುಗಾರ, ನೀಲಿ ನೀರಿನ ಈಜುಕೊಳ. ಊರವರ ಬಾವಿಯಲ್ಲಿ ಕೆಸರು. ಬೂತಾಯಿ, ಬೇರೆಯವರ ಪತ್ರಿಕೆ, ಬಟ್ಟೆ ಹೊದ್ದು ಹೊರಟ ಸಾಮಾನು, ಸುಣ್ಣದ ಗೆರೆ, ಹಿಂದಿ. ಕೂಡಿಸಲು ಬಾರದವನೂ ಇದನ್ನು ಕೂಡಿಸಬಲ್ಲ.

ಸರಪಂಚ ಲಿಬಿಯಾ ಫುರ್ತಾದ್ ಜಾಣೆ. ನೇರವಾಗಿ ಕೇಳಿದರೆ ಇಲ್ಲ ಅನ್ನುತ್ತಾನೆ, ಬಳಸಿ ಕೇಳಬೇಕು ಎಂದು ಸಂಜೆ ಹೊತ್ತಿಗೆ ಒಬ್ಬಳೇ ಬಂದು ಜಗಲಿಯ ಕಲ್ಲುಬೆಂಚಿನ ಮೇಲೆ ಕೂತಳು. ಸೆಖೆಯ ಬಗ್ಗೆ ಮಾತಾಡಿದಳು. ಮಾವಿನ ಬೆಳೆಯ ಬಗ್ಗೆ ಮಾತಾಡಿದಳು. ಕಸ್ಮಿರೊ ಅವಳನ್ನು ಓರೆಗಣ್ಣಿನಿಂದ ನೋಡುತ್ತಾ, ಇವಳನ್ನು ಮಿಂಗೆಲ್ಲೇ ಕಳಿಸಿದ್ದು, ನನ್ನ ತೋಟದ ನಕ್ಷೆ ತಿಳಿದುಕೊಂಡು ಅದಕ್ಕೆ ಮೊದಲೇ ತನ್ನ ತೋಟದಲ್ಲಿ ಅದನ್ನೇ ಹಾಕುತ್ತಾನೆ ಎಂದು ತೀರ್ಮಾನಿಸಿದ. ಗಿಡದ ಹೆಸರು ಮಾತ್ರ ಬಾಯಿ ಬಿಡಬಾರದು ಎಂದು ನಾಲಿಗೆ ಕಚ್ಚಿಕೊಂಡ.

ಗೆರೆಗಳ ಕಡೆ ನೋಡುತ್ತಾ ಲಿಬಿಯಾ ಕೇಳಿದಳು, "ಹಿಂದುಗಡೆ ಎಷ್ಟು ಬರುತ್ತೆ, ಕಸ್ಮಿರ್‌ಬಾಬ್?"

"ಹದಿನೆಂಟು. ಒತ್ತೊತ್ತಾಗಿ ಹಾಕಿದರೆ ಇಪ್ಪತ್ತು."

ಲಿಬಿಯಾ ಹಿಂದಿನಿಂದ ಮುಂದಕ್ಕೆ ಕಣ್ಣು ಹೊರಳಿಸಿದಳು. "ಮುಂದೆ?"

"ಮುಂದೆ ನಾಲ್ಕು ಸಾಕು. ಆದರೆ ಎತ್ತರದ್ದು. ಬೀದಿಯಲ್ಲಿ ಹೋಗೋರು ಕತ್ತೆತ್ತಿ ನೋಡಬೇಕು."

"ಮಧ್ಯದಲ್ಲಿ ಈ ದುಂಡು ಗೆರೆ?"

"ಕೊಳ," ಎಂದ ಕಸ್ಮಿರೊ, ತಾವರೆ ಎಂಬುದನ್ನು ಸಕಾಲಕ್ಕೆ ನುಂಗಿಕೊಂಡು. "ಬಾವಿಯಿಂದ ನೀರು ಬಿಟ್ಟರಾಯಿತು."

"ಇದಕ್ಕೆಲ್ಲ ಪಂಚಾಯಿತಿಯ ಪರವಾನಗಿ ಬೇಡವಾ?"

"ನನ್ನ ಜಾಗ, ನನ್ನ ಗೂಟ. ಹೆಂಡತಿ ಒಪ್ಪಿದಾಳೆ. ಅದಕ್ಕಿಂತ ದೊಡ್ಡ ಪರವಾನಗಿ ನಿಮ್ಮ ಕಚೇರೀಲಿ ಸಿಗುತ್ತಾ?" ಆಮೇಲೆ ಸ್ವಲ್ಪ ಮೆತ್ತಗಾಗಿ ಸೇರಿಸಿದ. "ಮಳೆ ಬಿದ್ದ ಮೇಲೆ ನೀವೇ ನೋಡ್ತೀರಂತೆ. ಮಿಂಗೆಲ್‌ಗೆ ಹೇಳಿ, ಅವನ ಮನೆ ಇನ್ನು ಯಾರ ಕಣ್ಣಿಗೂ ಬೀಳೋದಿಲ್ಲ."

ಕೊಟ್ಟ ಶರಬತ್ತನ್ನು ಮುಟ್ಟದೆ ಲಿಬಿಯಾ ಎದ್ದು ಹೋದಳು.

ಮರುದಿನದಿಂದ ಊರು ಕಸ್ಮಿರೊನಿಗೆ ಬೆನ್ನು ತೋರಿಸಿತು. ಪಾವ್ಲು ಬುಟ್ಟಿಯ ತುಂಬ ಬ್ರೆಡ್ಡು ಇಟ್ಟುಕೊಂಡೇ ಬ್ರೆಡ್ಡು ಮುಗಿಯಿತು ಎಂದ. ಮಿಂಗೆಲ್ ಪತ್ರಿಕೆಯನ್ನು ಬೇಲಿಯಾಚೆ ಕಸ್ಮಿರೊನ ಕಣ್ಣೆದುರೇ ಹರಿದು ಮೀನು ಸುತ್ತಲು ಕೊಟ್ಟ. ಭಾನುವಾರ ಇಗರ್ಜಿಯಲ್ಲಿ ಪಾದ್ರಿ, ಈಗ ಒಬ್ಬರಿಗೊಬ್ಬರು ಕೈ ಹಿಡಿದು ಸಮಾಧಾನ ಹೇಳಿಕೊಳ್ಳಿ ಎಂದಾಗ ಕಸ್ಮಿರೊ ಎಡಕ್ಕೆ ಕೈ ಚಾಚಿದ; ಎಡದವನು ಜೇಬಿನಲ್ಲಿ ಕರವಸ್ತ್ರ ಹುಡುಕಿದ. ಬಲಕ್ಕೆ ಚಾಚಿದ, ಬಲದವನು ಚಾವಣಿಯ ದೇವದೂತರನ್ನು ಎಣಿಸಿದ. ಹಿಂದಕ್ಕೆ ತಿರುಗಿದರೆ ಹಿಂದಿನ ಸಾಲು ಪೂರ್ತಿ ಮಂಡಿಯೂರಿತ್ತು, ಮಂಡಿಯೂರುವ ಹೊತ್ತಲ್ಲದಿದ್ದರೂ. ಚಾಚಿದ ಕೈಯನ್ನು ಸುಮ್ಮನೆ ಇಳಿಸಲಾಗದೆ ಅವನು ಕಂಬದ ಹತ್ತಿರದ ಸಂತನ ಮೂರ್ತಿಯ ಕಾಲನ್ನು ಮುಟ್ಟಿ ಸಮಾಧಾನ ಹೇಳಿದ.

ಇಷ್ಟಾದರೂ ಅವನಿಗೆ ಹೊಳೆದದ್ದು ಒಂದೇ. ಇಡೀ ಊರಿಗೆ ಕುರ್ಚಿಯ ಬೆಲೆ ತಿಳಿದುಹೋಗಿದೆ. ಹೊಟ್ಟೆಕಿಚ್ಚು.

ಆದರೆ ಅವತ್ತು ಅವನಿಗೆ ಸಮಾಧಾನ ಹೇಳದವರಲ್ಲಿ ಎಸ್ಪೆರಾನ್ಸಾಳೂ ಇದ್ದಳು. ಶನಿವಾರ ಸಂಜೆ ಇಗರ್ಜಿಯಲ್ಲಿ ಹಾಡುವ ಹೆಂಗಸರು ಅಪೊಲಿನಾಳನ್ನು ಮುಂದೆ ಮಾಡಿಕೊಂಡು ಅವಳ ಅಡಿಗೆಮನೆಗೆ ಬಂದಿದ್ದರು. ಬಂದವರು ಬೈಯಲಿಲ್ಲ, ಅತ್ತರು. ಇಲ್ಲಿಯ ಕಾನೂನಿನಲ್ಲಿ ಹೆಂಡತಿಯ ಸಹಿ ಇಲ್ಲದೆ ಗಂಡ ಮನೆ ಮಾರುವ ಹಾಗಿಲ್ಲ, ನೀನು ಹೇಗೆ ಸಹಿ ಹಾಕಿದೆ ಎಂದು ಕೇಳಿದರು. ಎಸ್ಪೆರಾನ್ಸಾ ತಾನು ಯಾವ ಸಹಿಯನ್ನೂ ಹಾಕಿಲ್ಲ ಎಂದಳು. ಹೇಳಿದ ಮೇಲೆ ನೆನಪಾಯಿತು: ಹೋದ ತಿಂಗಳು ಪಿಂಚಣಿಯ ಕಾಗದ ಎಂದು ಅವನು ಏನನ್ನೋ ಮುಂದೆ ಹಿಡಿದಿದ್ದ. ಕನ್ನಡಕ ಕೈಗೆ ಸಿಕ್ಕಿರಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಅವಳು ಸಹಿ ಹಾಕಿದ್ದಳು.

ಗಂಡನನ್ನು ಕೇಳಬಹುದಿತ್ತು. ಕೇಳಲಿಲ್ಲ. ಇಷ್ಟು ವರ್ಷ ಒಂದು ಮುರುಕು ಕೊಡೆಯನ್ನು ಬಿಡದಿದ್ದ ಮನುಷ್ಯ ಈಗ ಹಾಡು ಹೇಳಿಕೊಂಡು ಮನೆ ಖಾಲಿ ಮಾಡುತ್ತಿದ್ದಾನೆ ಎಂದರೆ ಬರೀ ದಾಸವಾಳಕ್ಕೋಸ್ಕರ ಹೇಗಾದೀತು ಎಂಬ ಯೋಚನೆ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅವಳು ಮನೆಯ ಪತ್ರಗಳನ್ನು ಕಪಾಟಿನಿಂದ ತೆಗೆದು, ಬಟ್ಟೆಯಲ್ಲಿ ಸುತ್ತಿ, ಅಕ್ಕಿಯ ಡಬ್ಬದ ತಳದಲ್ಲಿ ಹೂತಳು. ಕಸ್ಮಿರೊ ಬಾಗಿಲ ಸಂದಿಯಿಂದ ಅವಳು ಏನೋ ಹೂಳುವುದನ್ನು ನೋಡಿದ. ಮಿಂಗೆಲ್ ಇವಳಿಗೆ ಮುಂಗಡ ಕೊಟ್ಟಿದ್ದಾನೆ, ಕುರ್ಚಿ ಒಳಗಿನಿಂದಲೇ ಹೋಗುತ್ತದೆ ಎಂದು ತೀರ್ಮಾನಿಸಿದ. ಕುರ್ಚಿಗೆ ಮೂರನೇ ಹೊದಿಕೆ ಬಿತ್ತು. ಗಂಡಹೆಂಡಿರು ಒಬ್ಬರನ್ನೊಬ್ಬರು ಕಣ್ಣಿನ ಮೂಲೆಯಿಂದ ನೋಡುತ್ತ, ಬೂತಾಯಿಯ ಮುಳ್ಳು ಬಿಡಿಸುತ್ತ ಉಂಡರು.

ಬುಧವಾರ ಬಂತು. ಆಕಾಶ ಕಪ್ಪಿಟ್ಟಿತ್ತು, ಮಳೆ ಇವತ್ತೋ ನಾಳೆಯೋ ಎನ್ನುವ ಹಾಗೆ. ದಿಲ್ಲಿ ನಂಬರಿನ ದೊಡ್ಡ ಕಾರು ಊರ ತಿರುವಿನಲ್ಲಿ ಕಂಡದ್ದೇ ಪಾವ್ಲು ಸೈಕಲ್ಲಿನ ಹಾರನ್ನು ಒತ್ತಿ ಹಿಡಿದು ಬೀದಿಯುದ್ದಕ್ಕೂ ಓಡಿಸಿದ. ಬ್ರೆಡ್ಡಿನ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಆ ಸದ್ದಿಗೆ ಊರೆಲ್ಲ ಬಾಗಿಲು ತೆರೆಯಿತು. ಸಭರ್ವಾಲ್ ಕಾರಿನಿಂದ ಇಳಿಯುವಷ್ಟರಲ್ಲಿ ಬಾರೆಟೊ ಮನೆಯ ಗೇಟು ಕಾಣದಷ್ಟು ಜನ. ಮುಂದೆ ಲಿಬಿಯಾ, ಕೈಯಲ್ಲಿ ಪಂಚಾಯಿತಿಯ ಮೊಹರಿನ ಪೆಟ್ಟಿಗೆ. ಪಕ್ಕದಲ್ಲಿ ಮಿಂಗೆಲ್, ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ.

ಸಭರ್ವಾಲ್ ನಗುನಗುತ್ತ ಕೈ ಮುಗಿದ. ಯಾರೂ ಮುಗಿಯಲಿಲ್ಲ.

ಲಿಬಿಯಾ ಇನ್ನು ಬಳಸುವುದನ್ನು ಬಿಟ್ಟಳು. "ಕಸ್ಮಿರ್‌ಬಾಬ್, ನಿಮ್ಮ ಅಪ್ಪ ಈ ಊರಲ್ಲಿ ಮಣ್ಣಾದರು, ಅಜ್ಜ ಮಣ್ಣಾದರು. ಎಲ್ಲರ ಎದುರಿಗೆ ಹೇಳಿ. ಇವನಿಗೆ ಏನು ಮಾರ್ತಿದ್ದೀರಿ?"

ಕಸ್ಮಿರೊ ಜಗಲಿಯಲ್ಲಿ ನಿಂತು ಇಡೀ ಊರನ್ನು ನೋಡಿದ. ಒಂದು ಕುರ್ಚಿಗೆ ಇಷ್ಟು ಜನವೇ ಎಂದು ಅವನಿಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲ. ಒಳಗೆ ಹೋಗಿ, ಮಗುವನ್ನು ಎತ್ತಿಕೊಂಡು ಬರುವ ಹಾಗೆ ಅದನ್ನು ತಂದು ಅಂಗಳದ ನಡುವೆ, ಸುಣ್ಣದ ದುಂಡುಗೆರೆಯೊಳಗೆ ಇಟ್ಟ. ಒಂದನೇ ಹೊದಿಕೆ ತೆಗೆದ. ಎರಡನೆಯದು ತೆಗೆದ. ಮೂರನೆಯದನ್ನು ತೆಗೆಯುವಾಗ ಗುಂಪು ಒಂದು ಹೆಜ್ಜೆ ಮುಂದೆ ಬಂದಿತ್ತು.

ಕುರ್ಚಿ. ಒಂದು ಕಾಲು ಗಿಡ್ಡ.

"ಇದನ್ನ," ಎಂದ ಕಸ್ಮಿರೊ. "ಮಿಂಗೆಲ್ ಐನೂರಕ್ಕೆ ಹೊಡೆಯೋಕೆ ನೋಡಿದ. ನನಗೆ ತೋಟಕ್ಕೆ ದುಡ್ಡು ಬೇಕು."

ಯಾವ ತೋಟ ಎಂದು ಹಿಂದಿನಿಂದ ಯಾರೋ ಕೇಳಿದರು. ಆಗ ಅವನು ಅಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಕಕ್ಕಿದ. ಹಿಂದೆ ಹದಿನೆಂಟು ಬಣ್ಣದ ದಾಸವಾಳ, ಮುಂದೆ ನಾಲ್ಕು ಸಂಪಿಗೆ, ನಡುವೆ ತಾವರೆಯ ಕೊಳ. ಹೇಳುತ್ತ ಹೇಳುತ್ತ, ಮಿಂಗೆಲ್ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಬೇಸರವೂ ಪಟ್ಟ.

ಗುಂಪಿನಲ್ಲಿ ಮೊದಲು ನಕ್ಕವಳು ಅಪೊಲಿನಾ. ಲಿಬಿಯಾ ಹದಿನೆಂಟು, ನಾಲ್ಕು, ಕೊಳ ಎಂದು ತನ್ನಷ್ಟಕ್ಕೆ ಬೆರಳು ಮಡಚಿ, ಕೆಂಪಾಗಿ, ಮೊಹರಿನ ಪೆಟ್ಟಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಪಾವ್ಲು ನಾಳೆಯಿಂದ ಬ್ರೆಡ್ಡು ಇದೆ ಎಂದು ಘೋಷಿಸಿದ. ಊರು ಮನೆ ಮಾರುತ್ತಿದ್ದಾನೆ ಎಂದುಕೊಂಡಿತ್ತು ಎಂಬುದು ಕಸ್ಮಿರೊನಿಗೆ ತಿಳಿದದ್ದು ಆಗ. ಅವನು ತಿರುಗಿ ಹೆಂಡತಿಯನ್ನು ನೋಡಿದ. ಅವಳ ಮುಖ ನೋಡಿದರೆ ಅಕ್ಕಿಯ ಡಬ್ಬದ ಕತೆ ತಾನಾಗಿ ತಿಳಿಯುವಂತಿತ್ತು.

"ನೀನೂ ನಂಬಲಿಲ್ಲವಾ, ಎಸ್ಪೆರಾನ್ಸಾ?"

"ಕುರ್ಚಿಗೆ ಹೊದಿಸಿದಷ್ಟು ಹೊದಿಕೆ ನೀವು ನನಗೆ ಯಾವ ಚಳೀಲೂ ಹೊದಿಸಿಲ್ಲ," ಎಂದಳು ಅವಳು. "ಏನಂತ ನಂಬಲಿ?" ಆಮೇಲೆ ಮೆಟ್ಟಿಲ ಮೇಲೆ ಕೂತು ಲಂಗದ ತುದಿಯಿಂದ ಮುಖ ಒರೆಸಿಕೊಂಡಳು. ಕಸ್ಮಿರೊ ಏನು ಮಾಡಬೇಕೆಂದು ತೋಚದೆ ಕೈಯಲ್ಲಿದ್ದ ಹೊದಿಕೆಯನ್ನು ಅವಳ ಹೆಗಲ ಮೇಲೆ ಹಾಕಿದ. ಬೇಸಗೆಯ ಕೊನೆಯ ಆ ಸೆಖೆಯಲ್ಲಿ ಅವಳು ಅದನ್ನು ತೆಗೆಯಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಆದರೆ ಸಭರ್ವಾಲ್ ಇನ್ನೂ ಅಲ್ಲೇ ಇದ್ದ. ಅವನು ಕುರ್ಚಿಯನ್ನು ತಲೆಕೆಳಗು ಮಾಡಿ, ಕೆರೆದು, ಮೂಸಿ ನೋಡಿ, ಇದು ಹಳೆಯದಲ್ಲ, ಹಳೆಯದರ ನಕಲು, ಸಿಂಹಗಳನ್ನು ಅಚ್ಚಿನಲ್ಲಿ ಒತ್ತಿದ್ದಾರೆ, ಇನ್ನೂರಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂದ. ಮಿಂಗೆಲ್ ಕೆಮ್ಮಿದ. ಸಭರ್ವಾಲ್ ಕೈಯ ಧೂಳು ಕೊಡವಿಕೊಂಡು ಮೊದಲ ಸಲ ತಲೆಯೆತ್ತಿದ. ಕಪ್ಪೆಚಿಪ್ಪಿನ ಕಿಟಕಿಗಳನ್ನು ನೋಡಿದ. ಕೆಂಪು ಹೆಂಚಿನ ಇಳಿಜಾರನ್ನು ನೋಡಿದ. ಸಾಮಾನೆಲ್ಲ ಹೋಗಿ ಥಳಥಳಿಸುತ್ತಿದ್ದ ಹಜಾರವನ್ನು ಬಾಗಿಲಿನಿಂದ ಇಣುಕಿ ನೋಡಿದ.

"ಕುರ್ಚಿ ಬಿಡಿ," ಎಂದ. "ಈ ಮನೆ ಕೊಡ್ತೀರಾ?"

ಇಡೀ ಊರು ಕಸ್ಮಿರೊನ ಬಾಯಿಯನ್ನು ನೋಡಿತು. ಹೇಳಬೇಕಾದ ಮಾತು ಒಂದೇ ಇತ್ತು, ಎರಡಕ್ಷರದ್ದು. ಅದು ಅವನ ಮನಸ್ಸಿನಲ್ಲೂ ಇತ್ತು. ಮನೆ ಮಾರುವ ಯೋಚನೆ ಅವನಿಗೆ ಕನಸಿನಲ್ಲೂ ಬಂದದ್ದಲ್ಲ. ಆದರೆ ಬದುಕಿಡೀ ಉಗ್ರಾಣ ಕಾದ ಬಾಯಿ ಮನಸ್ಸಿಗಾಗಿ ಕಾಯುವುದಿಲ್ಲ. ಯಾರೇ ಏನನ್ನೇ ಕೇಳಿದರೂ ಆ ಬಾಯಿಂದ ಬರುತ್ತಿದ್ದ ಮಾತೇ ಬಂತು.

"ಎಷ್ಟು ಕೊಡ್ತೀರಿ?"

ಹೇಳಿದ ಕೂಡಲೇ ಅವನು ಬಾಯಿ ಮುಚ್ಚಿಕೊಂಡ, ಎರಡೂ ಕೈಗಳಿಂದ. ಅದರಿಂದ ಇನ್ನೂ ಕೆಟ್ಟಿತು. ನಾನು ಸುಮ್ಮನೆ ಕೇಳಿದೆ, ಬೆಲೆ ಗೊತ್ತಿರಲಿ ಅಂತ, ಎಂದು ವಿವರಿಸಲು ಹೋದ. ಗುಂಪು ಹೋ ಎಂದು ಕೂಗಿದ್ದರಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಎಸ್ಪೆರಾನ್ಸಾ ಹೊದಿಕೆ ಹೊದ್ದುಕೊಂಡೇ ಎದ್ದು ನಿಂತು, ತನ್ನ ಸಹಿ ಇಲ್ಲದೆ ಈ ಮನೆಯ ಒಂದು ಹೆಂಚೂ ಅಲ್ಲಾಡುವುದಿಲ್ಲ ಎಂದು ಸಭರ್ವಾಲನಿಗೆ ಕೊಂಕಣಿಯಲ್ಲಿ ಹೇಳಿದಳು. ಭಾಷೆ ಬಾರದಿದ್ದರೂ ಅವನಿಗೆ ಅರ್ಥವಾಯಿತು. ಕಾರು ಬಂದದ್ದಕ್ಕಿಂತ ಬೇಗ ಹೋಯಿತು.

ಆಮೇಲೆ ಊರು ಅಲ್ಲೇ, ಅಂಗಳದಲ್ಲೇ, ನಿಂತಲ್ಲೇ ಸಭೆ ಮಾಡಿತು. ಕಸ್ಮಿರೊ ನಿಜವಾಗಿ ಮಾರಹೊರಟಿದ್ದ, ನಾವು ಸಮಯಕ್ಕೆ ಸರಿಯಾಗಿ ಬಂದು ತಡೆದೆವು, ತೋಟ ಎಂಬುದು ಕಣ್ಣಿಗೆ ಮಣ್ಣು ಎಂದು ಹಲವರ ಅಭಿಪ್ರಾಯ. ಇವತ್ತು ಇವನು ಇಲ್ಲ ಅನ್ನಬಹುದು, ನಾಳೆ ಇನ್ನೊಬ್ಬ ಬಂದು ಹೆಚ್ಚು ಹೇಳಿದರೆ ಆ ಬಾಯಿ ಏನು ಅಂದೀತು ಎಂದು ಮಿಂಗೆಲ್ ಕೇಳಿದ.

ಉಪಾಯ ಕಂಡುಹಿಡಿದವಳು ಲಿಬಿಯಾ. ಬೆಳೆದ ಮರವನ್ನು ಸರಕಾರದ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಮರ ತುಂಬಿದ ಜಾಗದಲ್ಲಿ ಯಾವ ದಿಲ್ಲಿಯವನೂ ಬಂಗಲೆ ಕಟ್ಟಲಾರ. ತೋಟ ಬೇಕು ಅಂದನಲ್ಲ, ಕೊಡೋಣ.

ಮರುದಿನ ಮಳೆ ಹಿಡಿಯಿತು. ಮಳೆಯ ಜೊತೆಗೇ ಊರೂ ಬಂತು, ಗೋಣಿಚೀಲ ಹೊದ್ದು, ಹಾರೆ ಹಿಡಿದು, ಮನೆಗೊಂದು ಸಸಿ ತೆಗೆದುಕೊಂಡು. ದಾಸವಾಳವನ್ನು ಒಬ್ಬರೂ ತರಲಿಲ್ಲ; ಅದನ್ನು ಕಿತ್ತೆಸೆಯುವುದು ಸುಲಭ. ಹಲಸು ತಂದರು, ಮಾವು ತಂದರು, ದೀವಿಹಲಸು, ಪುನರ್ಪುಳಿ, ತೆಂಗು ತಂದರು. ಸುಣ್ಣದ ಗೆರೆಗಳನ್ನು ಮಳೆ ತೊಳೆದುಕೊಂಡು ಹೋಗಿತ್ತು. ತೊಳೆಯದಿದ್ದರೂ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಲಾರಿ ಒಳಗೆ ಬರಬಹುದಾದ ದಾರಿ ನೋಡಿ ಅಡ್ಡಕ್ಕೆ ನೆಟ್ಟರು. ಕಾರು ತಿರುಗಬಹುದಾದ ಜಾಗ ನೋಡಿ ನೆಟ್ಟರು. ತಾವರೆಯ ಕೊಳಕ್ಕೆಂದು ಗುರುತು ಮಾಡಿದ್ದ ಜಾಗದಲ್ಲಿ ಪಾವ್ಲು ಗುಂಡಿ ತೋಡಿ ಒಂದು ನೇರಳೆಯನ್ನು ನಿಲ್ಲಿಸಿ ಮಣ್ಣು ತುಳಿದ. ಮಿಂಗೆಲ್ ತನ್ನ ತೋಟದಿಂದ ಮುಳ್ಳಿನ ಕಾಗದದ ಹೂವಿನ ಬಳ್ಳಿಯನ್ನು ಬೇರುಸಹಿತ ತಂದು ಗೇಟಿಗೇ ಹಬ್ಬಿಸಿದ. ಮಣ್ಣು, ಗೊಬ್ಬರ, ಕೂಲಿ, ಎಲ್ಲವೂ ಅವರದೇ.

ಮೊದಲು ಕಸ್ಮಿರೊ ಪ್ರತಿಯೊಬ್ಬರ ಹಿಂದೆಯೂ ಓಡಾಡಿ, ಅಲ್ಲಿ ಬೇಡ, ಇಲ್ಲಿ ಬೇಡ ಎಂದು ಗೋಳಾಡಿದ. ಆಮೇಲೆ ಜಗಲಿಯ ಮೇಲೆ ಕೂತ. ಕೂತು ನೋಡುತ್ತ ನೋಡುತ್ತ ಅವನಿಗೆ ಒಂದು ವಿಷಯ ಹೊಳೆಯಿತು. ಸಂಸಾರದ ಪೆಟ್ಟಿಗೆಗೆ ಕೈ ಹಾಕದೆ, ಮಳೆಗಾಲ ಹಿಡಿದ ದಿನವೇ, ಊರಿನಲ್ಲೇ ದೊಡ್ಡ ತೋಟ ಆಗಿದೆ. ಅವನು ಒಳಗೆ ಹೋಗಿ ಇದನ್ನು ಎಸ್ಪೆರಾನ್ಸಾಗೆ ಹೇಳಿದ. ಗುಜರಿಯ ದುಡ್ಡು ಹಾಗೇ ಉಳಿದಿತ್ತು. ಅವಳು ಅದನ್ನು ಅವನ ಕೈಗೆ ಕೊಡದೆ, ಮೀನಿನ ಹೆಂಗಸನ್ನು ಕರೆದು, ಹಾರೆ ಹಿಡಿದವರೆಲ್ಲರಿಗೂ ಸಾಲುವಷ್ಟು ಅಂಜಲ್ ಕೊಂಡಳು. ಎಲ್ಲರೂ ಒದ್ದೆಮೈಯಲ್ಲಿ ಖಾಲಿ ಹಜಾರದ ನೆಲದ ಮೇಲೆ ಸಾಲಾಗಿ ಕೂತು ಉಂಡರು. ಊಟದ ನಡುವೆ ಮಿಂಗೆಲ್, ಐನೂರಕ್ಕೆ ಆ ಕುರ್ಚಿ ಈಗಲೂ ಬೇಕು, ನನಗೆ ಚೆಂದ ಕಂಡಿತ್ತು ಅಷ್ಟೇ ಎಂದ. ಕಸ್ಮಿರೊ ಕೊಟ್ಟುಬಿಟ್ಟ. ಕೊಡುವ ಮೊದಲು ಬುಡವನ್ನು ಇನ್ನೊಮ್ಮೆ ನೋಡಿದ.

ನೆಟ್ಟವರು ನೆಟ್ಟು ಹೋಗಲಿಲ್ಲ. ಕಸ್ಮಿರೊ ಬೇರಿಗೆ ಬಿಸಿನೀರು ಹೊಯ್ಯಬಹುದು ಎಂಬ ಗುಮಾನಿಯಿಂದ ಪ್ರತಿ ಸಂಜೆ ಒಬ್ಬರಲ್ಲ ಒಬ್ಬರು ಬಂದು ತಮ್ಮ ತಮ್ಮ ಸಸಿಯ ಎಲೆ ಎಣಿಸುತ್ತಾರೆ. ಮಳೆ ನಿಂತ ಮೇಲೆ ಅವರೇ ಕೊಡ ತಂದು ನೀರು ಹಾಕುತ್ತಾರೆ. ಹಾಕಿದ ಮೇಲೆ ಜಗಲಿಯಲ್ಲಿ ಕೂರುತ್ತಾರೆ. ಅವರ ಚಹಾ ಸಕ್ಕರೆಗೆ ಬೀಳುವ ಖರ್ಚಿನಲ್ಲಿ ಎರಡು ತೋಟ ಮಾಡಬಹುದಿತ್ತು ಎಂದು ಎಸ್ಪೆರಾನ್ಸಾ ಬೆರಳು ಮಡಚುತ್ತಾಳೆ, ಆದರೆ ಲೋಟ ತುಂಬಿಸುವುದನ್ನು ನಿಲ್ಲಿಸಿಲ್ಲ.

ಮೊನ್ನೆ ಸಂಜೆ ಕಸ್ಮಿರೊ ಬಹಳ ಹೊತ್ತು ಗೇಟಿನ ಕಡೆಗೇ ನೋಡುತ್ತಿದ್ದ. ಅಲ್ಲಿ ಮಿಂಗೆಲ್ ಬಳ್ಳಿಯ ಬುಡಕ್ಕೆ ಕೂತು, ಒಣಗಿದ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಬೊಗಸೆಯಲ್ಲಿ ನೀರು ಬಿಡುತ್ತಿದ್ದ.

"ಎಸ್ಪೆರಾನ್ಸಾ," ಎಂದು ಕಸ್ಮಿರೊ ದನಿ ತಗ್ಗಿಸಿ ಕರೆದ. "ನಮ್ಮ ಮನೆ ಬಳ್ಳಿಗೆ ಇವನು ಯಾಕೆ ಅಷ್ಟು ಅಕ್ಕರೆಯಿಂದ ನೀರು ಹಾಕ್ತಾನೆ?"

"ಚೆನ್ನಾಗಿ ಬೆಳೀಲಿ ಅಂತ," ಎಂದಳು ಅವಳು.

"ಹೂಂ," ಎಂದ ಕಸ್ಮಿರೊ, ಕಣ್ಣು ಕೀಳದೆ. "ನನಗೂ ಅದೇ ಅನುಮಾನ."